ಅನೆಮೋನಿ ತರೋ ಮುಂಚೆ: ನಿಮ್ಮ ರೀಫ್ ಟ್ಯಾಂಕ್ ಅದನ್ನ ಸಾಕುತ್ತಾ ಅಂತ ನೋಡ್ಕೊಳ್ಳೋದು ಹೇಗೆ

ಕ್ಲೌನ್ ಫಿಶ್ ಜೋಡಿ ಮನೆಗೆ ಬಂದು ಸ್ವಲ್ಪ ದಿನ ಆದ್ಮೇಲೆ ಎಲ್ರಿಗೂ ಬರೋ ಆಸೆ ಒಂದೇ, ಒಂದು ಅನೆಮೋನಿ (ಬೆರಳಿನಂಥ ಎಳೆಗಳಿರೋ, ಹೂವಿನ ಥರ ಕಾಣೋ ಸಮುದ್ರದ ಪ್ರಾಣಿ) ತಂದು ಹಾಕೋಣ, ಮೀನು ಅದ್ರೊಳಗೆ ಹೊರಳಾಡೋದು ನೋಡೋಣ ಅಂತ. ಆಸೇಲಿ ತಪ್ಪೇನಿಲ್ಲ. ಆದ್ರೆ ಅಂಗಡಿಗೆ ಹೋಗಿ "ಅಣ್ಣಾ, ನನ್ ಟ್ಯಾಂಕಲ್ಲಿ ಬದುಕುತ್ತಾ ಇದು?" ಅಂತ ಕೇಳಿದ್ರೆ "ಆರಾಮಾಗಿ ಸಾರ್" ಅನ್ನೋ ಉತ್ತರ ಬಿಟ್ಟು ಬೇರೆ ಬರಲ್ಲ, ಅವ್ರಿಗೆ ನಿಮ್ಮ ಟ್ಯಾಂಕ್ ಹೆಂಗಿದೆ ಅಂತ ಗೊತ್ತೂ ಇಲ್ಲ, ಗೊತ್ತು ಮಾಡ್ಕೊಳ್ಳೋ ಟೈಮೂ ಇಲ್ಲ. ಹಾಗಾಗಿ ಆ ಲೆಕ್ಕ ನಾವೇ ಹಾಕ್ಕೋಬೇಕು.

ಈ ಗೈಡ್ ಆಲ್ರೆಡಿ ಉಪ್ಪು ನೀರಿನ ಟ್ಯಾಂಕ್ ಇಟ್ಟಿರೋರಿಗೆ. ಸೈಕಲ್ ಅಂದ್ರೇನು, ಸ್ಕಿಮ್ಮರ್ ಅಂದ್ರೇನು ಅಂತ ಇಲ್ಲಿ ಮತ್ತೆ ಬರೀತಾ ಕೂರಲ್ಲ. ನಾನು ಮುಖ್ಯವಾಗಿ ಬಬಲ್ ಟಿಪ್ ಅನೆಮೋನಿ ಮನಸ್ಸಲ್ಲಿಟ್ಕೊಂಡು ಬರೀತಿದೀನಿ, ಅದೂ ಬೆಂಗಳೂರು, ಮೈಸೂರು, ಮಂಗಳೂರು ಥರದ ಊರಲ್ಲಿ, ನಮ್ಮ ಕರೆಂಟು, ನಮ್ಮ ನೀರು, ನಮ್ಮ ಬೇಸಿಗೆ ಇಟ್ಕೊಂಡು.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಟ್ಯಾಂಕಿನ ಒಳ್ಳೇ ದಿನ ನೋಡಿ ಡಿಸೈಡ್ ಮಾಡ್ಬೇಡಿ, ಅದರ ಅತಿ ಕೆಟ್ಟ ದಿನ ನೋಡಿ ಮಾಡಿ. ಅಂದ್ರೆ ಏಪ್ರಿಲ್ ಮಧ್ಯಾಹ್ನ, ಕರೆಂಟ್ ಇಲ್ಲ, ನೀವು ಆಫೀಸಲ್ಲಿ, ಆವಿಯಾದ ನೀರು ತುಂಬಿಸೋ ಟಾಪ್ ಅಪ್ ಕ್ಯಾನ್ ಖಾಲಿ. ಆವತ್ತು ಟ್ಯಾಂಕಲ್ಲಿ ಏನಾಗುತ್ತೆ ಅನ್ನೋದೇ ನಿಮ್ಮ ಉತ್ತರ. ಒಂದು ಮೀನು ಸತ್ರೆ ಒಂದು ಮೀನು ಹೋಯ್ತು, ಅನೆಮೋನಿ ಸತ್ರೆ ಹಂಗಲ್ಲ, ದೊಡ್ಡದೊಂದು ಸತ್ತು ರಾತ್ರಿಯೆಲ್ಲ ಕರಗ್ತಾ ಕೂತ್ರೆ ಬೆಳಗ್ಗೆ ಹೊತ್ತಿಗೆ ಅಮೋನಿಯಾ ಏರಿ ಪಕ್ಕದಲ್ಲಿರೋದನ್ನೂ ಕರ್ಕೊಂಡು ಹೋಗ್ಬಿಡುತ್ತೆ.

ಮೊದ್ಲು: ನಿಜವಾಗ್ಲೂ ಬೇಕಾ?

ಕ್ಲೌನ್ ಫಿಶ್‌ಗೆ ಅನೆಮೋನಿ ಇರ್ಲೇಬೇಕು ಅನ್ನೋದು ಸಮುದ್ರದ ಮಾತು. ಅಲ್ಲಿ ಅದನ್ನ ತಿನ್ನೋ ದೊಡ್ಡ ಮೀನಿದೆ, ಅದಕ್ಕೆ ಮನೆ ಬೇಕು. ನಿಮ್ಮ ಹಾಲ್‌ನಲ್ಲಿರೋ ಟ್ಯಾಂಕಲ್ಲಿ ಅದನ್ನ ಅಟ್ಟಿಸ್ಕೊಂಡು ಬರೋರು ಯಾರೂ ಇಲ್ಲ. ಅನೆಮೋನಿ ಇಲ್ದೇನೇ ವರ್ಷಗಟ್ಟಲೆ ಬದುಕುತ್ತೆ, ಮೊಟ್ಟೆನೂ ಇಡುತ್ತೆ, ಹ್ಯಾಚರಿಲಿ ಹುಟ್ಟಿರೋ ಮೀನುಗಳಂತೂ ಅನೆಮೋನಿ ಮುಖಾನೇ ನೋಡಿರಲ್ಲ. ಇನ್ನೊಂದು ವಿಷ್ಯ, ಅಂಗಡೀಲಿ ಜಾಸ್ತಿ ಸಿಗೋ ಆಸೆಲ್ಲಾರಿಸ್ ಕ್ಲೌನ್ ಸಮುದ್ರದಲ್ಲಿ ಇರೋದು ಮ್ಯಾಗ್ನಿಫಿಕಾ ಮತ್ತು ಕಾರ್ಪೆಟ್ ಅನ್ನೋ ಅನೆಮೋನಿ ಜಾತಿಗಳ ಜೊತೆ, ಬಬಲ್ ಟಿಪ್ ಜೊತೆ ಅಲ್ಲ. ಟ್ಯಾಂಕಲ್ಲಿ ಎಷ್ಟೋ ಸಲ ಬಬಲ್ ಟಿಪ್‌ಗೂ ಹೋಗುತ್ತೆ, ಆದ್ರೆ ಗ್ಯಾರಂಟಿ ಇಲ್ಲ, ಕೆಲವು ಜೋಡಿ ತಿಂಗಳುಗಟ್ಟಲೆ ಅನೆಮೋನಿ ಕಡೆ ತಿರುಗಿಯೂ ನೋಡದೆ ಪವರ್‌ಹೆಡ್ (ಟ್ಯಾಂಕೊಳಗೆ ನೀರು ಓಡಿಸೋ ಪಂಪ್) ಪಕ್ಕಾನೇ ಮಲಗ್ತವೆ. ಮರೂನ್, ಟೊಮ್ಯಾಟೋ ಕ್ಲೌನ್ ಆದ್ರೆ ಬಬಲ್ ಟಿಪ್ ಅವುಗಳ ಸ್ವಂತ ಮನೆ ಇದ್ದಂಗೆ, ಬೇಗ ಸೇರ್ಕೊಳ್ತವೆ. ಸೋ ಮೀನಿಗೋಸ್ಕರ ತರ್ತಿದೀನಿ ಅಂದ್ಕೊಂಡಿದ್ರೆ ಅದನ್ನ ಬಿಡಿ. ಅನೆಮೋನಿನೇ ಇಷ್ಟ ಆಗಿ ತರ್ತಿದೀನಿ ಅಂದ್ರೆ ಮುಂದೆ ಓದಿ.

ಆಯಸ್ಸಿನ ವಿಷ್ಯನೂ ಯೋಚ್ನೆ ಮಾಡಿ. ಸ್ಕಾಟ್ಲೆಂಡಲ್ಲಿ ಸರ್ ಜಾನ್ ಡಾಲಿಯೆಲ್ ಅನ್ನೋರು 1828ರಲ್ಲಿ ನಾರ್ತ್ ಬೆರಿಕ್ ದಡದಿಂದ ಒಂದು ಅನೆಮೋನಿ ತಂದು ಗಾಜಿನ ಜಾಡೀಲಿ ಸಾಕಿದ್ರು. ಅವ್ರು 1851ರಲ್ಲಿ ತೀರ್ಕೊಂಡ್ರೂ ಅದು ಬೇರೆಯವ್ರ ಕೈಗೆ ಹೋಗಿ 1887ರ ತನಕ ಬದುಕಿತ್ತು, 'ಗ್ರ್ಯಾನಿ' ಅಂತ ಹೆಸರೇ ಬಿದ್ದಿತ್ತು. ಅದು ತಣ್ಣೀರಿನ ಬೇರೆ ಜಾತಿ, ಲೈಟ್ ಗೀಟ್ ಏನೂ ಬೇಡದ್ದು, ನಿಜ. ಆದ್ರೂ ಇವು ತಾವಾಗೇ ವಯಸ್ಸಾಗಿ ಸಾಯೋ ಪ್ರಾಣಿಗಳಲ್ಲ. ಟ್ಯಾಂಕಲ್ಲಿ ಆರು ತಿಂಗಳಿಗೆ ಸತ್ರೆ "ಅದರ ಟೈಮ್ ಆಗಿತ್ತು" ಅನ್ನೋಹಾಗಿಲ್ಲ.

ಯಾವ ಜಾತಿ ಅಂತ ಗೊತ್ತಿರ್ಲಿ

ಕ್ಲೌನ್ ಫಿಶ್ ಇಟ್ಕೊಳ್ಳೋ ಅನೆಮೋನಿ ಜಾತಿಗಳು ಒಟ್ಟು 10 ಅಂತ ಲೆಕ್ಕ. ಮನೆ ಟ್ಯಾಂಕಿಗೆ ಮೊದಲ ಸಲ ತರೋರಿಗೆ ಅದ್ರಲ್ಲಿ ನಾನು ಹೇಳೋದು ಒಂದೇ, ಬಬಲ್ ಟಿಪ್, ಎಂಟಕ್‌ಮೀಯಾ ಕ್ವಾಡ್ರಿಕಲರ್. ಕಲ್ಲಿನ ಸಂದೀಲಿ ಪಾದ ಇಟ್ಕೊಂಡು ಮೇಲೆ ಅರಳುತ್ತೆ, ಸುಮಾರು 30 ಸೆಂಟಿಮೀಟರ್ ಅಗಲ ತನಕ ಬೆಳೆಯುತ್ತೆ, ತಾನೇ ಎರಡಾಗಿ ಸೀಳ್ಕೊಂಡು ಮರಿ ಮಾಡುತ್ತೆ. ಆ ಕಾರಣಕ್ಕೇ ಟ್ಯಾಂಕಲ್ಲೇ ಬೆಳೆದ ಪೀಸ್ ಹವ್ಯಾಸಿಗಳ ಹತ್ರ ಸಿಗುತ್ತೆ.

ಹ್ಯಾಡನಿ ಕಾರ್ಪೆಟ್ ಬಗ್ಗೆ ಎಚ್ಚರ. ನಮ್ಮ ಕಡೆ ಅದು ಸುಲಭವಾಗಿ ಸಿಗುತ್ತೆ, ತಮಿಳುನಾಡು ಕರಾವಳೀಲೇ ಇದೆ, ಕಡಿಮೆಗೂ ಕೊಡ್ತಾರೆ. ನೋಡೋಕೆ ಕೈಯಗಲ ಇದ್ದಿದ್ದು ಬೆಳೆದು ಚಾಪೆ ಆಗುತ್ತೆ, ಮತ್ತೆ ಅದರ ಅಂಟು ಎಷ್ಟು ಜೋರು ಅಂದ್ರೆ ಪಕ್ಕದಲ್ಲಿ ಹೋಗೋ ಮೀನನ್ನ ಹಿಡ್ಕೊಂಡು ನುಂಗುತ್ತೆ. ಗೋಬಿ, ಮ್ಯಾಂಡರಿನ್ ಥರ ತಳದಲ್ಲಿ ಓಡಾಡೋ ಮೀನಿದ್ರೆ ಆ ಕಡೆ ಹೋಗ್ಲೇಬೇಡಿ. ಮ್ಯಾಗ್ನಿಫಿಕಾ, ಗೈಗ್ಯಾಂಟಿಯಾ ಎರಡೂ ಚಂದ, ಎರಡಕ್ಕೂ ತುಂಬಾ ಜೋರು ಬೆಳಕು ಬೇಕು, ಸಾಗಾಣಿಕೇಲೇ ಅರ್ಧ ಜೀವ ಆಗಿರ್ತವೆ, ಅನುಭವ ಇರೋರಿಗೇ ಕಷ್ಟ. ಸೆಬೇ ಅನೆಮೋನಿ ಅಂತ ಮಾರೋದನ್ನ ಅಚ್ಚ ಬಿಳೀ ಬಣ್ಣದಲ್ಲಿ ನೋಡಿದ್ರೆ "ಅಯ್ಯೋ ಎಷ್ಟ್ ಚೆನ್ನಾಗಿದೆ" ಅನ್ಸುತ್ತೆ, ಆದ್ರೆ ಆ ಬಿಳಿ ಅಂದ್ರೆ ಬೆಳಕಲ್ಲಿ ಅದಕ್ಕೆ ಊಟ ಮಾಡಿಕೊಡೋ ಒಳಗಿನ ಪಾಚಿ ಎಲ್ಲ ಹೋಗಿ ಅದು ಹಸಿದು ಕೂತಿದೆ ಅಂತ. ಗಾಢ ಹಳದಿ ಇದ್ರೆ ಬಣ್ಣ ಅದ್ದಿರೋ ಚಾನ್ಸ್ ಜಾಸ್ತಿ.

ಎಲ್ಲಿಂದ ಬಂದಿದ್ದು ಅಂತನೂ ಕೇಳಿ. ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೆಳಗೆ ಗಟ್ಟಿ ಹವಳ ಎಲ್ಲಾ, ಕಪ್ಪು ಹವಳ, ಸೀ ಫ್ಯಾನ್, ಫೈರ್ ಕೋರಲ್, ಆರ್ಗನ್ ಪೈಪ್ ಇಷ್ಟನ್ನೂ 2001ರಲ್ಲೇ ಶೆಡ್ಯೂಲ್ ಒಂದಕ್ಕೆ ಸೇರ್ಸಿದಾರೆ, ಅಂದ್ರೆ ಹುಲಿಗೆ ಇರೋ ರಕ್ಷಣೆನೇ ಅವಕ್ಕೂ. "ಅನೆಮೋನಿ ಹವಳ ಅಲ್ವಲ್ಲ ಸಾರ್, ಪ್ರಾಬ್ಲಮ್ ಇಲ್ಲ" ಅಂತ ಅಂಗಡಿಯವ್ರು ಹೇಳ್ತಾರೆ, ಅಷ್ಟಕ್ಕೇ ಸಮಾಧಾನ ಆಗ್ಬೇಡಿ. ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನದಂಥ ಜಾಗದಿಂದ ಯಾವ ಪ್ರಾಣೀನೂ ಎತ್ಕೊಂಡು ಬರೋಹಾಗಿಲ್ಲ. ಜೊತೆಗೆ ಅನೆಮೋನಿ ಒಂದು ಹವಳದ ಕಲ್ಲಿಗೆ ಅಂಟ್ಕೊಂಡೇ ಬಂದಿದ್ರೆ ಆ ಕಲ್ಲು ಇನ್ನೊಂದು ತಲೆನೋವು. ಇನ್ನೊಬ್ಬ ಹವ್ಯಾಸಿ ಟ್ಯಾಂಕಲ್ಲಿ ಸೀಳಿ ಬಂದ ಬಬಲ್ ಟಿಪ್ ಸಿಕ್ಕಿದ್ರೆ ಈ ಗೊಂದಲ ಅರ್ಧಕ್ಕರ್ಧ ಇಲ್ಲ, ಅದು ಟ್ಯಾಂಕಿನ ಜೀವನಕ್ಕೂ ಒಗ್ಗಿರುತ್ತೆ. ನನ್ನ ಕೇಳಿದ್ರೆ ಅಂಥದ್ದು ಸಿಗೋ ತನಕ ಕಾಯಿರಿ.

ಟ್ಯಾಂಕಿನ ವಯಸ್ಸು

ಸೈಕಲ್ ಮುಗೀತು, ಅಮೋನಿಯಾ ಸೊನ್ನೆ, ಹಾಕ್ಬಹುದಾ? ಬೇಡ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಅಂತ ಹೇಳ್ತಾರೆ. ನಾನು ಅದನ್ನ ಇನ್ನೊಂಥರ ಹೇಳ್ತೀನಿ, ಟ್ಯಾಂಕ್ ಒಂದು ಪೂರ್ತಿ ಬೇಸಿಗೆ ದಾಟಿರ್ಬೇಕು. ಜೂನಲ್ಲಿ ಶುರು ಮಾಡಿದ ಟ್ಯಾಂಕು ಡಿಸೆಂಬರ್‌ಗೆ ಆರು ತಿಂಗಳದ್ದಾಗುತ್ತೆ, ನಂಬರ್ ಎಲ್ಲ ಮುತ್ತಿನಂಗಿರುತ್ತೆ, ಆದ್ರೆ ಅದು ಇನ್ನೂ ಮಾರ್ಚ್ ಬಿಸಿಲೇ ನೋಡಿಲ್ಲ.

ವಯಸ್ಸಿನ ಜೊತೆ ಲಕ್ಷಣಾನೂ ನೋಡಿ. ಕಂದು ಡಯಾಟಮ್, ಹಸಿರು ಕೂದಲು ಪಾಚಿ ಬಂದು ಹೋಗಿರ್ಬೇಕು. ಕಲ್ಲಿನ ಮೇಲೆ, ಹಿಂದಿನ ಗಾಜಲ್ಲಿ ನೇರಳೆ ಬಣ್ಣದ ಕೋರಲೈನ್ ಪಾಚಿ ಕಾಣ್ತಿರ್ಬೇಕು. ಜೋವಾಂಥಿಡ್, ಲೆದರ್ ಥರದ ಮೆತ್ತನೆ ಹವಳ ಇಟ್ಟಿದ್ರೆ ಅದು ಬದುಕಿದ್ರೆ ಮಾತ್ರ ಸಾಲದು, ಬೆಳೀತಿರ್ಬೇಕು. ಅದೇ ಬೆಳೀತಿಲ್ಲ ಅಂದ್ರೆ ಅನೆಮೋನಿ ಮಾತು ಬೇಡ.

ಸೈಜು: 100 ಲೀಟರ್‌ಗಿಂತ ಕಡಿಮೆ ಇದ್ರೆ ನಾನು ಬೇಡ ಅಂತೀನಿ. 200 ಲೀಟರ್ ಹತ್ರ ಇದ್ರೆ ನೆಮ್ಮದಿ. ದೊಡ್ಡ ಟ್ಯಾಂಕಲ್ಲಿ ಯಾವ ತಪ್ಪೂ ನಿಧಾನಕ್ಕೆ ಆಗುತ್ತೆ, ಸರಿ ಮಾಡೋಕೆ ಟೈಮ್ ಸಿಗುತ್ತೆ.

ಇನ್ನೊಂದು, ಆ ಟ್ಯಾಂಕಿಗೆ ಯಾವತ್ತಾದ್ರೂ ಇಕ್ ರೋಗಕ್ಕೆ (ಮೀನಿನ ಮೈಮೇಲೆ ಬಿಳಿ ಚುಕ್ಕೆ ಬರೋದು) ಅಂತ ತಾಮ್ರದ ಔಷಧಿ ಹಾಕಿದೀರಾ? ಸೆಕೆಂಡ್ ಹ್ಯಾಂಡ್ ತಗೊಂಡಿದ್ರೆ ಹಳೇ ಓನರ್‌ನ ಕೇಳಿ. ತಾಮ್ರ ಕಲ್ಲಲ್ಲಿ, ಮರಳಲ್ಲಿ ಕೂತ್ಕೊಂಡು ನಿಧಾನಕ್ಕೆ ಬಿಡ್ತಾ ಇರುತ್ತೆ, ಮೀನಿಗೆ ಏನೂ ಆಗಲ್ಲ, ಅನೆಮೋನಿ ತಡ್ಕೊಳ್ಳಲ್ಲ. ಹೌದು ಅಂದ್ರೆ ಆ ಕಲ್ಲು, ಮರಳು ಇರೋ ತನಕ ಉತ್ತರ ಇಲ್ಲ ಅಂತಲೇ.

ನೀರು: ಒಂದು ನೋಟ್‌ಬುಕ್ ಇಡಿ

ಬೇಕಾಗಿರೋ ನಂಬರ್ ಎಲ್ರಿಗೂ ಗೊತ್ತು. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಂದ್ರೆ ಸಾಂದ್ರತೆ 1.026 ಹತ್ರ. ಪಿಎಚ್ 8.1ರಿಂದ 8.4. ಆಲ್ಕಲಿನಿಟಿ, ಅಂದ್ರೆ ಪಿಎಚ್ ಏರುಪೇರಾಗದಂಗೆ ನೀರು ತಡೆಯೋ ಶಕ್ತಿ, 8ರಿಂದ 10 ಡಿಕೆಎಚ್ (ಅದರ ಅಳತೆ). ಕ್ಯಾಲ್ಸಿಯಂ 400 ಮೇಲೆ, ಮೆಗ್ನೀಷಿಯಂ 1300 ಆಸುಪಾಸು. ಅಮೋನಿಯಾ, ನೈಟ್ರೈಟ್ ಸೊನ್ನೆ. ನೈಟ್ರೇಟ್ 10 ಒಳಗೆ, ಫಾಸ್ಫೇಟ್ 0.1 ಒಳಗೆ. ನೈಟ್ರೇಟ್ ಫಾಸ್ಫೇಟ್ ಎರಡೂ ಪೂರ್ತಿ ಸೊನ್ನೆ ತೋರಿಸ್ತಿದ್ರೆ ಖುಷಿ ಪಡ್ಬೇಡಿ, ಅಷ್ಟು ಖಾಲಿ ನೀರಲ್ಲಿ ಅನೆಮೋನಿ ಬಣ್ಣ ಕಳ್ಕೊಳ್ಳುತ್ತೆ, ಡೈನೋ ಅನ್ನೋ ಲೋಳೆ ಪಾಚಿ ಬೇರೆ ಹತ್ಕೊಳ್ಳುತ್ತೆ.

ಆದ್ರೆ ಒಂದು ದಿನದ ಟೆಸ್ಟ್ ಇಟ್ಕೊಂಡು ಏನೂ ಹೇಳೋಕಾಗಲ್ಲ. ಒಂದು ಇನ್ನೂರು ಪೇಜ್ ನೋಟ್‌ಬುಕ್ ತಗೊಳ್ಳಿ, ಫೋನಲ್ಲಿ ಬರ್ಕೊಂಡ್ರೂ ನಡಿಯುತ್ತೆ. ಎರಡು ತಿಂಗಳು ದಿನಾ ಟೆಂಪರೇಚರ್ ಬೆಳಗ್ಗೆ ಒಂದ್ಸಲ, ಮಧ್ಯಾಹ್ನ ಲೈಟ್ ಫುಲ್ ಇರೋವಾಗ ಒಂದ್ಸಲ, ಉಪ್ಪು ಎರಡು ದಿನಕ್ಕೊಮ್ಮೆ, ಆಲ್ಕಲಿನಿಟಿ ವಾರಕ್ಕೆ ಎರಡು ಸಲ, ನೈಟ್ರೇಟ್ ಫಾಸ್ಫೇಟ್ ವಾರಕ್ಕೊಮ್ಮೆ. ಆಮೇಲೆ ಕೂತ್ಕೊಂಡು ಸರಾಸರಿ ನೋಡ್ಬೇಡಿ, ಅತಿ ಜಾಸ್ತಿ ಎಷ್ಟು, ಅತಿ ಕಮ್ಮಿ ಎಷ್ಟು ಅಂತ ಗೆರೆ ಎಳೀರಿ. ಆಲ್ಕಲಿನಿಟಿ ಯಾವಾಗ್ಲೂ 7.5ರಲ್ಲೇ ನಿಂತಿರೋ ಟ್ಯಾಂಕು ಪರವಾಗಿಲ್ಲ, ಈ ವಾರ 8, ನೀರು ಬದಲಾಯಿಸಿದ್ಮೇಲೆ 11, ಮುಂದಿನ ವಾರ 8.5 ಅನ್ನೋ ಟ್ಯಾಂಕು ಬೇಡ.

ಉಪ್ಪಿನ ವಿಷ್ಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ನಮ್ಮಲ್ಲಿ ಏರುಪೇರು ಜಾಸ್ತಿ ಆಗೋದು ಇಲ್ಲೇ. ಲೆಕ್ಕ ಹಾಕಿ ನೋಡಿ. 200 ಲೀಟರ್ ನೀರು, ಬೆಂಗಳೂರಿನ ಮಾರ್ಚ್ ಒಣಹವೆ, ಮೇಲೆ ಕೂಲಿಂಗ್ ಫ್ಯಾನ್, ದಿನಕ್ಕೆ 4 ಲೀಟರ್ ಆವಿ ಆಗೋದು ದೊಡ್ಡ ವಿಷ್ಯ ಅಲ್ಲ. ಹೋಗೋದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತೆ. ಮೂರು ದಿನ ಊರಿಗೆ ಹೋಗಿ ಬಂದ್ರಿ, ಟಾಪ್ ಅಪ್ ಇಲ್ಲ, 12 ಲೀಟರ್ ಕಮ್ಮಿ, 35 ಇದ್ದಿದ್ದು 37 ದಾಟಿರುತ್ತೆ. ಬಂದ ತಕ್ಷಣ ಗಾಬರಿ ಆಗಿ 12 ಲೀಟರ್ ಸಿಹಿನೀರು ಒಂದೇ ಸಲ ಸುರೀತೀರಿ, ಅಷ್ಟೂ ಗಂಟೆಯೊಳಗೆ ವಾಪಸ್ ಇಳಿಯುತ್ತೆ. ಮೀನಿಗೆ ಅದನ್ನ ತಡ್ಕೊಳ್ಳೋ ಕಿಡ್ನಿ ಇದೆ. ಅನೆಮೋನಿ ಮೈಯೇ ಒಂದು ನೀರಿನ ಚೀಲ, ಹೊರಗಿನ ನೀರು ಬದಲಾದ್ರೆ ಒಳಗಿಂದೂ ಬದಲಾಯ್ತು ಅಂತಲೇ ಲೆಕ್ಕ. ಹಾಗಾಗಿ ಆವಿಯಾದಷ್ಟು ನೀರನ್ನ ತಾನೇ ತುಂಬೋ ಆಟೋ ಟಾಪ್ ಅಪ್ ಇಲ್ದೆ ಅನೆಮೋನಿ ಬೇಡ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ, "ನಾನು ದಿನಾ ಕೈಯಲ್ಲೇ ಹಾಕ್ತೀನಿ" ಅನ್ನೋರು ನಾಲ್ಕು ತಿಂಗಳು ಹಾಕ್ತಾರೆ, ಆಮೇಲೆ ಮದುವೆ, ಮುಂಜಿ, ಜ್ವರ ಏನಾದ್ರೂ ಬರುತ್ತೆ.

ಅಳೆಯೋದು ರಿಫ್ರ್ಯಾಕ್ಟೋಮೀಟರ್‌ನಲ್ಲಿ, ಮುಳ್ಳು ಆಡೋ ಪ್ಲಾಸ್ಟಿಕ್ ಡಬ್ಬಿ ನಂಬ್ಬೇಡಿ. ಅದನ್ನೂ ಬರೀ ಆರ್‌ಒ ನೀರಿಟ್ಟು ಸೊನ್ನೆಗೆ ಸೆಟ್ ಮಾಡಿದ್ರೆ ಸಾಲದು, ಸೊನ್ನೇಲಿ ಸರಿ ತೋರಿಸಿ 35 ಹತ್ರ ಎರಡು ಪಾಯಿಂಟ್ ಸುಳ್ಳು ಹೇಳೋ ಪೀಸ್‌ಗಳಿವೆ. 35 ಪಿಪಿಟಿ ಕ್ಯಾಲಿಬ್ರೇಶನ್ ದ್ರಾವಣ ಸಣ್ಣ ಬಾಟಲೀಲಿ ಸಿಗುತ್ತೆ, ಎರಡು ಹನಿ ಗಾಜಿನ ಮೇಲೆ ಬಿಟ್ಟು, ಮುಚ್ಚಳ ಒತ್ತಿ, ಅರ್ಧ ನಿಮಿಷ ಬಿಟ್ಟು, ನೀಲಿ ಬಿಳಿ ಸೇರೋ ಗೆರೆ 35ಕ್ಕೆ ಬರೋ ತನಕ ಮೇಲಿನ ಸ್ಕ್ರೂ ತಿರುಗಿಸಿ. ತಿಂಗಳಿಗೊಂದ್ಸಲ ಮಾಡಿದ್ರೆ ಸಾಕು.

ಇನ್ನು ಸಿಹಿನೀರು ಎಲ್ಲಿಂದ? ಕಾವೇರಿ ನೀರಲ್ಲಿ ಕ್ಲೋರಿನ್, ಬೋರ್‌ವೆಲ್ಲಲ್ಲಿ ಸಿಕ್ಕಾಪಟ್ಟೆ ಗಡಸು, ಟ್ಯಾಂಕರ್ ನೀರು ಯಾವ ಬೋರಿಂದು ಅಂತ ದೇವರಿಗೇ ಗೊತ್ತು. ಅಡುಗೆಮನೆ ಆರ್‌ಒ ಸಾಲದು, ಅದ್ರಲ್ಲಿ ಕುಡಿಯೋಕೆ ರುಚಿ ಬರ್ಲಿ ಅಂತ ಸ್ವಲ್ಪ ಹಸಿ ನೀರನ್ನ ವಾಪಸ್ ಸೇರ್ಸಿರ್ತಾರೆ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಲೆಕ್ಕ) 50, 80 ಬರ್ತಿರುತ್ತೆ. ಅದರ ಮುಂದೆ ಡಿಐ ರೆಸಿನ್ (ಉಳಿದ ಲವಣಾನೂ ಹಿಡ್ಕೊಳ್ಳೋ ಫಿಲ್ಟರ್) ಬೇಕು, ಮೀಟರ್ ಸೊನ್ನೆ ತೋರಿಸ್ಬೇಕು, ಒಂದು ಎರಡು ಅಂತ ಏರೋಕೆ ಶುರುವಾದ್ರೆ ರೆಸಿನ್ ಬದಲಾಯಿಸಿ.

ಮಂಗಳೂರು, ಉಡುಪಿ ಕಡೆಯವ್ರು "ನಮ್ಗೆ ಸಮುದ್ರಾನೇ ಇದೆಯಲ್ಲ ಮಾರಾಯ್ರೆ" ಅಂತೀರಿ. ಇದೆ, ಆದ್ರೆ ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆ ಕೆಂಪಗೆ ತುಂಬಿ ಬಂದು ಸೇರೋವಾಗ ದಡದ ನೀರಿನ ಉಪ್ಪು ಬಿದ್ದು ಹೋಗಿರುತ್ತೆ, ಕೆಸರು, ಊರಿನ ಕೊಳೆ ಬೇರೆ. ಬಂದರಿನ ಹತ್ರದ್ದಂತೂ ಬೇಡ್ವೇ ಬೇಡ. ಜೂನಿಂದ ಸೆಪ್ಟೆಂಬರ್ ತನಕ ಹೆಂಗೂ ಉಪ್ಪಿನ ಪ್ಯಾಕೆಟ್ಟೇ ಗತಿ ಅಂದ್ಮೇಲೆ ವರ್ಷಪೂರ್ತಿ ಅದನ್ನೇ ಬಳಸಿ, ಮಧ್ಯದಲ್ಲಿ ಬದಲಾಯಿಸೋ ರಗಳೆ ಇರಲ್ಲ.

ಬಿಸಿಲು

25ರಿಂದ 27 ಡಿಗ್ರಿ ಇದ್ರೆ ಚೆನ್ನ. 28 ಬಂದ್ರೆ ಸಾಯಲ್ಲ, ಸಮುದ್ರದಲ್ಲೂ ಅಷ್ಟಿರುತ್ತೆ. 30 ದಾಟಿ ದಿನಗಟ್ಟಲೆ ನಿಂತ್ರೆ ಒಳಗಿನ ಪಾಚಿ ಬಿಟ್ಟು ಹೋಗೋಕೆ ಶುರುವಾಗುತ್ತೆ, ನೀರಲ್ಲಿ ಆಕ್ಸಿಜನ್ನೂ ಕಮ್ಮಿ ಆಗುತ್ತೆ.

"ಬೆಂಗಳೂರಲ್ಲಿ ಏಸಿನೇ ಬೇಡ, ಚಿಲ್ಲರ್ ಯಾಕೆ" ಅನ್ನೋ ಕಾಲ ಹೋಯ್ತು. 2016ರ ಏಪ್ರಿಲಲ್ಲಿ ಬೆಂಗಳೂರಲ್ಲೇ 39.2 ಡಿಗ್ರಿ ಆಗಿತ್ತು. ಮೇಲಿನ ಮಹಡಿ, ಪಶ್ಚಿಮಕ್ಕೆ ಕಿಟಕಿ ಇರೋ ಮನೆಯಾದ್ರೆ ಟ್ಯಾಂಕು ರೂಮಿಗಿಂತ ಎರಡು ಡಿಗ್ರಿ ಮೇಲೇ ಇರುತ್ತೆ, ಪಂಪು ಲೈಟು ಎಲ್ಲದರ ಬಿಸಿ ಸೇರಿ. ಫ್ಯಾನ್ ಇಟ್ರೆ ಎರಡು ಮೂರು ಡಿಗ್ರಿ ಇಳಿಯುತ್ತೆ, ಆದ್ರೆ ಅದು ನೀರು ಆವಿ ಮಾಡಿಯೇ ತಣ್ಣಗೆ ಮಾಡೋದು, ಹಾಗಾಗಿ ಒಣಹವೆ ಇರೋ ಕಡೆ ಮಾತ್ರ ಕೆಲಸ ಮಾಡುತ್ತೆ. ಬೆಂಗಳೂರು, ಮೈಸೂರಲ್ಲಿ ಓಕೆ. ಮಂಗಳೂರು, ಕಾರವಾರದ ಸೆಕೇಲಿ ಫ್ಯಾನ್ ತಿರುಗುತ್ತೆ ಅಷ್ಟೇ, ಅಲ್ಲಿ ಚಿಲ್ಲರ್ ಇಲ್ಲಾಂದ್ರೆ ಆಗಲ್ಲ. ಕಲಬುರಗಿ, ರಾಯಚೂರಲ್ಲಿ ಹವೆ ಒಣಗಿದ್ರೂ 42, 43 ಡಿಗ್ರೀಲಿ ಫ್ಯಾನ್ ಒಂದೇ ಎಲ್ಲಿ ಸಾಕಾಗುತ್ತೆ. ನೋಟ್‌ಬುಕ್‌ನಲ್ಲಿ ಬೆಳಗ್ಗೆ ಮಧ್ಯಾಹ್ನದ ವ್ಯತ್ಯಾಸ 2 ಡಿಗ್ರಿ ದಾಟ್ತಿದ್ರೆ ಮೊದ್ಲು ಅದನ್ನ ಸರಿ ಮಾಡಿ.

ಲೈಟು

ವಾಟ್ ಲೆಕ್ಕ, ಬಾಕ್ಸ್ ಮೇಲಿರೋ ಫೋಟೋ ಬಿಟ್ಬಿಡಿ. ಬೇಕಾಗಿರೋದು ಅನೆಮೋನಿ ಕೂರೋ ಕಲ್ಲಿನ ಜಾಗದಲ್ಲಿ ಪಾರ್ (ಒಳಗಿನ ಪಾಚಿ ಬಳಸ್ಕೊಳ್ಳೋ ಬೆಳಕಿನ ಅಳತೆ) ಎಷ್ಟು ಅಂತ. ಬಬಲ್ ಟಿಪ್‌ಗೆ 100 ಆದ್ರೂ ಇರ್ಬೇಕು, 150ರಿಂದ 250 ಇದ್ರೆ ಚೆನ್ನ. ಫೋನ್ ಆ್ಯಪಲ್ಲಿ ಲಕ್ಸ್ ಅಳೆದು ಗುಣಾಕಾರ ಮಾಡೋರಿದಾರೆ, ಆದ್ರೆ ರೀಫ್ ಲೈಟು ಜಾಸ್ತಿ ನೀಲಿ, ಫೋನ್ ಸೆನ್ಸರ್ ಅದನ್ನ ಸರಿಯಾಗಿ ಓದಲ್ಲ. ಯಾರ ಹತ್ರನಾದ್ರೂ ಪಾರ್ ಮೀಟರ್ ಒಂದು ಸಂಜೆಗೆ ಈಸ್ಕೊಂಡು ಬನ್ನಿ, ಕಲ್ಲಿನ ಮೇಲೆ, ಕಲ್ಲಿನ ಬದೀಲಿ, ಮರಳ ಹತ್ರ ಅಳೆದು ಬರ್ಕೊಳ್ಳಿ. ಮೀಟರ್ ಸಿಗಲಿಲ್ಲ ಅಂದ್ರೆ ಅನೆಮೋನಿ ತಾನೇ ಹೇಳುತ್ತೆ, ಆದ್ರೆ ತಂದ ಮೇಲೆ. ಬೆಳಕು ಸಾಲದಿದ್ರೆ ಕತ್ತು ಉದ್ದ ಮಾಡಿ ಮೇಲಕ್ಕೆ ಚಾಚ್ಕೊಳ್ಳುತ್ತೆ, ಜಾಸ್ತಿ ಆದ್ರೆ ನೆರಳಿಗೆ ಹೋಗಿ ಬಚ್ಚಿಟ್ಕೊಳ್ಳುತ್ತೆ. ತುದೀಲಿ ಗುಳ್ಳೆ ಹೋಗಿ ಬೆರಳು ಉದ್ದ ಆದ್ರೆ ತಲೆ ಕೆಡಿಸ್ಕೋಬೇಡಿ, ಅದು ಕಾಯಿಲೆ ಅಲ್ಲ.

ಪವರ್‌ಹೆಡ್, ಕರೆಂಟು

ಗಟ್ಟಿ ಹವಳದ ಥರ ಇದು ಇಟ್ಟ ಕಡೆ ಇರಲ್ಲ. ಇಷ್ಟ ಆಗ್ಲಿಲ್ಲ ಅಂದ್ರೆ ಎದ್ದು ನಡಿಯುತ್ತೆ, ಹೆಚ್ಚಾಗಿ ರಾತ್ರಿ ಹೊತ್ತು, ಮತ್ತೆ ಹೋಗೋದು ಸೀದಾ ಪವರ್‌ಹೆಡ್ ಕಡೆಗೇ. ಬ್ಲೇಡಿಗೆ ಸಿಕ್ಕಿದ್ರೆ ಮಿಕ್ಸೀಲಿ ಹಾಕಿದಂಗೆ, ಚೂರು ಚೂರಾಗಿ ಟ್ಯಾಂಕೆಲ್ಲ ಹರಡಿ ವಿಷ. ಹಾಗಾಗಿ ತರೋ ಮುಂಚೆನೇ ಪ್ರತೀ ಪವರ್‌ಹೆಡ್‌ಗೆ ಒರಟು ಸ್ಪಾಂಜ್ ಕವರ್ ಇಲ್ಲಾ ಸಣ್ಣ ಕಣ್ಣಿನ ಮೆಶ್ ಗಾರ್ಡ್ ಹಾಕಿ, ನೀರು ಹೊರಗೆ ಇಳಿಯೋ ಓವರ್‌ಫ್ಲೋ ಬಾಯಿಗೂ, ಹೀಟರ್‌ಗೂ. ಹಾಕಿದ್ಮೇಲೆ ಒಂದು ವಾರ ಓಡಿಸಿ ನೋಡಿ, ಸ್ಪಾಂಜ್ ಕಟ್ಕೊಂಡು ನೀರಿನ ಓಟ ಅರ್ಧ ಆಗುತ್ತೆ, ದಿನಾ ತೊಳೆಯೋ ತಾಳ್ಮೆ ನಿಮ್ಗಿದೆಯಾ ಅಂತನೂ ಗೊತ್ತಾಗುತ್ತೆ. ಇದನ್ನ ಮಾಡೋಕೆ ಆಗಲ್ಲ ಅನ್ಸಿದ್ರೆ ಇಲ್ಲಿಗೇ ನಿಲ್ಲಿಸಿ.

ಕಲ್ಲು ಜೋಡಿಸಿರೋದೂ ನೋಡಿ. ಮೇನ್ ಗುಡ್ಡದಿಂದ ಬೇರೆಯಾಗಿ ಮರಳ ಮಧ್ಯೆ ಒಂದು ಒಂಟಿ ಕಲ್ಲು, ಅದ್ರಲ್ಲಿ ಬೆರಳಷ್ಟು ಆಳದ ಬಿರುಕು ಇದ್ರೆ ಪಾದ ಅಲ್ಲಿ ಇಳಿಸ್ಕೊಂಡು ಕೂರುತ್ತೆ, ಮರಳು ದಾಟಿ ಹೋಗೋಕೆ ಅಷ್ಟು ಇಷ್ಟ ಪಡಲ್ಲ. ಸುತ್ತ 15 ಸೆಂಟಿಮೀಟರ್ ಆದ್ರೂ ಬೇರೆ ಹವಳ ಇರ್ಬಾರದು, ಕುಟುಕಿ ಸುಟ್ಟುಬಿಡುತ್ತೆ. ಬಟರ್‌ಫ್ಲೈ ಮೀನಿದ್ರೆ ಅದು ಅನೆಮೋನೀನ ಕಿತ್ತು ತಿನ್ನುತ್ತೆ, ಕಡಲ ಕುದುರೆ ಇದ್ರೆ ಉಲ್ಟಾ, ಅನೆಮೋನಿ ಅದನ್ನ ತಿನ್ನುತ್ತೆ.

ಕರೆಂಟ್ ಟೆಸ್ಟ್ ಒಂದು ಭಾನುವಾರ ಮನೇಲಿರೋವಾಗ ನೀವೇ ಮಾಡಿ. ಟ್ಯಾಂಕಿನ ಮೇನ್ ಸ್ವಿಚ್ ಆಫ್ ಮಾಡಿ ನಾಲ್ಕು ಗಂಟೆ ಬಿಡಿ, ಪಕ್ಕದಲ್ಲೇ ಕೂತಿರಿ. ಇನ್ವರ್ಟರ್‌ಗೆ ಏನು ಕೊಟ್ಟಿದೀರಿ, ಅದು ಎಷ್ಟು ಹೊತ್ತು ಓಡುತ್ತೆ? ನೀರು ಓಡೋದು ಮೊದ್ಲು, ಯಾಕಂದ್ರೆ ಆಕ್ಸಿಜನ್ ಸಿಗೋದು ಅದ್ರಿಂದ. ಲೈಟ್ ಇಲ್ದೆ ಒಂದು ದಿನ ಇದ್ರೂ ಏನಾಗಲ್ಲ. ಡಿಸಿ ವೇವ್‌ಮೇಕರ್ ಒಂದಕ್ಕೆ ಬ್ಯಾಟರಿ, ಇಲ್ಲಾಂದ್ರೆ ಬ್ಯಾಟರಿ ಏರ್ ಪಂಪ್ ಆದ್ರೂ ಸರಿ. ಟ್ಯಾಂಕಿನ ಕೆಳಗಿರೋ ಫಿಲ್ಟರ್ ಸಂಪಲ್ಲಿ ನೀರು ತುಂಬಿ ಹೊರಗೆ ಚೆಲ್ಲುತ್ತಾ, ಕರೆಂಟ್ ಬಂದಾಗ ಎಲ್ಲಾ ಪಂಪ್ ತಾನಾಗೇ ಸ್ಟಾರ್ಟ್ ಆಗುತ್ತಾ, ನೀರು ಎಷ್ಟು ಡಿಗ್ರಿಗೆ ಬಂತು, ಎಲ್ಲ ಬರ್ಕೊಳ್ಳಿ. ಈ ನಾಲ್ಕು ಗಂಟೆ ಪಾಸಾದ್ರೆ ನನ್ನ ಪ್ರಕಾರ ಮುಕ್ಕಾಲು ಕೆಲಸ ಮುಗೀತು.

ದಸರಾಗೆ, ಬೇಸಿಗೆ ರಜೆಗೆ ಊರಿಗೆ ಹೋದ್ರೆ ಯಾರು ನೋಡ್ಕೊಳ್ತಾರೆ ಅನ್ನೋದೂ ಈಗ್ಲೇ ಫಿಕ್ಸ್ ಆಗಿರ್ಲಿ. ಪಕ್ಕದ ಮನೆ ಆಂಟಿಗೆ ಫೀಡ್ ಡಬ್ಬಿ ಕೊಟ್ಟು ಹೋದ್ರೆ ಪಾಪ ಪ್ರೀತೀಲಿ ಒಂದು ಚಮಚ ಜಾಸ್ತಿನೇ ಹಾಕಿರ್ತಾರೆ. ದಿನದ ಲೆಕ್ಕಕ್ಕೆ ಪೊಟ್ಟಣ ಕಟ್ಟಿ, "ಆಂಟಿ, ಅನೆಮೋನಿಗೆ ಏನೂ ಕೊಡ್ಬೇಡಿ, ಈ ಕ್ಯಾನ್ ಖಾಲಿ ಆದ್ರೆ ಆ ನೀಲಿ ಕ್ಯಾನಿಂದ ಸುರೀರಿ, ನಲ್ಲಿ ನೀರು ಮಾತ್ರ ಬೇಡ" ಅಂತ ಹೇಳಿ, ಫೋನ್ ನಂಬರ್ ಗಾಜಿಗೆ ಅಂಟಿಸಿ ಹೋಗಿ.

ಎಲ್ಲ ಸರಿ ಇದೆ, ಈಗ ಅಂಗಡೀಲಿ

ಒಂದೇ ಸಲ ನೋಡಿ ತಗೋಬೇಡಿ, ಎರಡು ಮೂರು ದಿನ ಬಿಟ್ಟು ಮತ್ತೆ ಹೋಗಿ. ಬಾಯಿ ಬಿಗಿಯಾಗಿ ಮುಚ್ಚಿರ್ಬೇಕು, ಬಾಯಿ ತೆರ್ಕೊಂಡು ಒಳಗಿನ ದಾರದಂಥದ್ದು ಹೊರಗೆ ಬಂದಿದ್ರೆ ವಾಪಸ್ ಬನ್ನಿ. ಪಾದ ಗಾಜಿಗೋ ಕಲ್ಲಿಗೋ ಅಂಟ್ಕೊಂಡಿರ್ಬೇಕು, ಸೀಳಿರಬಾರದು. ಅಂಗಡಿ ಹುಡುಗ ಕಾರ್ಡ್ ಹಾಕಿ ಕೆರೆದು ಕೀಳ್ತಿದ್ರೆ "ಬೇಡಪ್ಪ, ಕಲ್ಲು ಸಮೇತ ಕೊಡು" ಅನ್ನಿ, ಪಾದ ಹರಿದ್ರೆ ಉಳಿಯೋದು ಕಷ್ಟ. ಒಂದು ಚೂರು ಸಿಗಡಿ ಕೊಡೋಕೆ ಹೇಳಿ, ಬೆರಳುಗಳು ಅಂಟ್ಕೊಂಡು ಬಾಯಿಗೆ ತಗೊಂಡು ಹೋಗ್ಬೇಕು. ಬಣ್ಣ ಕಂದು ಕಲಸಿದಂಗೆ ಮಂಕಾಗಿದ್ರೆ ಬೇಜಾರಾಗ್ಬೇಡಿ, ಅದು ಪಾಚಿ ಚೆನ್ನಾಗಿದೆ ಅಂತ ಲೆಕ್ಕ.

ಮನೆಗೆ ತಂದು ಡ್ರಿಪ್ ಮಾಡಿ, ಅಂದ್ರೆ ಅದಿರೋ ಡಬ್ಬಿಗೆ ಟ್ಯಾಂಕ್ ನೀರನ್ನ ಹನಿ ಹನಿಯಾಗಿ ಬಿಟ್ಟು ಒಗ್ಗಿಸಿ, ಒಂದರಿಂದ ಒಂದೂವರೆ ಗಂಟೆ, ಅಂಗಡಿ ನೀರು ಟ್ಯಾಂಕಿಗೆ ಹಾಕ್ಬೇಡಿ. ಲೈಟ್ ಅರ್ಧಕ್ಕೆ ಇಳಿಸಿ, ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ. ಬಿರುಕಿನ ಹತ್ರ ಪಾದ ತಾಗೋಹಂಗೆ ಇಟ್ಟು, ಹಿಡ್ಕೊಳ್ಳೋ ತನಕ ಅರ್ಧ ಗಂಟೆ ಪಂಪ್ ಆಫ್. ಆಮೇಲೆ ಕೈ ಹಾಕ್ಬೇಡಿ, ಒಂದು ವಾರ ಊಟನೂ ಬೇಡ. ನಡೆದಾಡಿದ್ರೆ ನಡೀಲಿ. ಕೂತ ಮೇಲೆ ವಾರಕ್ಕೊಮ್ಮೆ ಬಟಾಣಿ ಕಾಳಷ್ಟು ಸಿಗಡಿ ಸಾಕು, ದೊಡ್ಡ ಚೂರು ಕೊಟ್ರೆ ರಾತ್ರಿ ವಾಂತಿ ಮಾಡಿಡುತ್ತೆ.

ಮಧ್ಯೆ ಮಧ್ಯೆ ಗಾಳಿ ಹೋದ ಬಲೂನ್ ಥರ ಕುಗ್ಗುತ್ತೆ, ಹಳೇ ನೀರು, ಕಸ ಹೊರಗೆ ಹಾಕಿ ಮತ್ತೆ ಅರಳುತ್ತೆ, ಕೆಲವು ಗಂಟೆ ಅಷ್ಟೇ. ದಿನಗಟ್ಟಲೆ ಕುಗ್ಗಿ, ಬಾಯಿ ತೆರ್ಕೊಂಡು, ಪಾದ ಬಿಟ್ಟು ಮಗುಚ್ಕೊಂಡಿದ್ರೆ ಬೇರೆ ವಿಷ್ಯ. ಅನುಮಾನ ಬಂದ್ರೆ ಗ್ಲೌಸ್ ಹಾಕಿ ಮೆಲ್ಲಗೆ ಎತ್ತಿ ಮೂಸಿ ನೋಡಿ. ಕೊಳೆತ ಮೀನಿನ ವಾಸನೆ ಬಂದು ಕೈಯಲ್ಲೇ ಲೋಳೆ ಲೋಳೆಯಾಗಿ ಬಿಚ್ಕೊಂಡ್ರೆ ಮುಗೀತು, ಚೂರೂ ಬಿಡದೆ ತೆಗೆದು, ಕಾಲು ಭಾಗ ನೀರು ಬದಲಾಯಿಸಿ, ಹೊಸ ಕಾರ್ಬನ್ ಹಾಕಿ, ಅಮೋನಿಯಾ ಆವತ್ತೇ ಎರಡು ಸಲ ಟೆಸ್ಟ್ ಮಾಡಿ.

ಉತ್ತರ 'ಸದ್ಯಕ್ಕೆ ಬೇಡ' ಅಂತ ಬಂದ್ರೆ

ಟೋಡ್‌ಸ್ಟೂಲ್ ಲೆದರ್ ಒಂದು ಇಡಿ. ಎಷ್ಟೋ ಕ್ಲೌನ್ ಜೋಡಿ ಅದ್ರಲ್ಲೇ ಮಲಗೋಕೆ ಶುರು ಮಾಡ್ತವೆ, ರೋಡಾಕ್ಟಿಸ್ ಮಶ್ರೂಮ್‌ನ ಕೂದಲು ಕೂದಲು ಜಾತಿಗೂ ಹೋಗ್ತವೆ. ಎರಡಕ್ಕೂ ಬೆಳಕು ಕಮ್ಮಿ ಸಾಕು, ಉಪ್ಪು ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತಡ್ಕೊಳ್ತವೆ, ರಾತ್ರಿ ಎದ್ದು ಪವರ್‌ಹೆಡ್ ಕಡೆ ನಡೆಯಲ್ಲ. ಲೆದರ್ ಆಗಾಗ ಮೇಣದಂಥ ಪೊರೆ ಬಿಡೋಕೆ ಅಂತ ವಾರಗಟ್ಟಲೆ ಮುಚ್ಕೊಂಡು ಕೂರುತ್ತೆ, ಸತ್ತೇ ಹೋಯ್ತು ಅಂತ ಎತ್ತಿ ಬಿಸಾಕ್ಬೇಡಿ, ಪವರ್‌ಹೆಡ್ ಸ್ವಲ್ಪ ಆ ಕಡೆ ತಿರುಗಿಸಿದ್ರೆ ಪೊರೆ ಬೇಗ ಹೋಗುತ್ತೆ. ನೋಟ್‌ಬುಕ್ ಮಾತ್ರ ನಿಲ್ಲಿಸ್ಬೇಡಿ, ಮುಂದಿನ ಮೇ ಕೊನೇಲಿ ಮಾರ್ಚಿಂದ ಬರ್ದಿರೋ ಪೇಜ್‌ಗಳನ್ನ ತೆಗೆದು ಮತ್ತೆ ಗೆರೆ ಎಳೆದು ನೋಡಿ.